ಹಾಲೆ ಮರದ ಮೌಸ್ ಮತ್ತು ಜಯಂತಿಯ ಹೆಬ್ಬೆರಳು

ಮೊದಲು ಖರ್ಚು ಹೇಳಿಬಿಡುತ್ತೇನೆ. ಎರಡೂವರೆ ವರ್ಷದ ಆದಿತ್ಯವಾರಗಳು, ಪಂಜದ ಕಡೆಯ ಜೇನು ಸಾಕುವವರಿಂದ ತಂದ ನಾಲ್ಕು ಕಿಲೋ ಮೇಣ, ಒಂದು ಹಾಲೆ ಮರದ ದಿಮ್ಮಿ, ಕಂಪ್ಯೂಟರ್ ಮೌಸಿನ ಹದಿನಾಲ್ಕು ಮಾದರಿಗಳು, ಒಬ್ಬ ಒಳ್ಳೆಯ ಆಚಾರಿಯ ಸ್ನೇಹ. ಇದು ನನ್ನ ಪಾಲಿನದು. ಜಯಂತಿಯ ಪಾಲಿನದು ಬಲಗೈಯ ಹೆಬ್ಬೆರಳು. ಇಷ್ಟು ತುಟ್ಟಿಯಾದದ್ದು ಯಾಕೆಂದರೆ, ಕಡಲೆಬೇಳೆಯಷ್ಟು ದೊಡ್ಡ ಒಂದು ಸ್ವಿಚ್ಚಿನಲ್ಲಿ ನಾನು ಚೌಕಾಶಿ ಮಾಡಿದೆ, ಮತ್ತು ಆ ಚೌಕಾಶಿಯಲ್ಲಿ ಗೆದ್ದೆ.

ಪುತ್ತೂರಿನ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನದೊಂದು ರಿಪೇರಿ ಅಂಗಡಿ ಇತ್ತು. ಮೊದಲು ಟೈಪ್‌ರೈಟರ್, ಆಮೇಲೆ ಕಂಪ್ಯೂಟರ್. ಈಗ ಬಾಗಿಲು ಹಾಕಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಇಳಿಯುವವರು ಆಗಾಗ ಮನೆಗೆ ಬಂದು, "ಮೋನಪ್ಪಣ್ಣ, ನಿಮ್ಮ ಅನುಭವ ಸ್ವಲ್ಪ ಹೇಳಿ" ಅನ್ನುತ್ತಾರೆ. ಅವರಿಗೆ ನಿಜವಾಗಿ ಬೇಕಾದದ್ದು ಯಾವ ಹೋಲ್‌ಸೇಲಿನವನು ಕಡಿಮೆಗೆ ಕೊಡುತ್ತಾನೆ ಎಂಬ ಗುಟ್ಟು. ಅದನ್ನೂ ಹೇಳುತ್ತೇನೆ, ನನಗೇನು ಹೊಟ್ಟೆಕಿಚ್ಚಿಲ್ಲ. ವ್ಯಾಪಾರದಲ್ಲಿ ನನ್ನನ್ನು ಮೀರಿಸಿದವರು ಪುತ್ತೂರು, ಸುಳ್ಯ, ಕಡಬ ಮೂರು ಕಡೆ ಸೇರಿಸಿದರೂ ಕಡಿಮೆ. ಆದರೆ ಅದಕ್ಕಿಂತ ಮೊದಲು ಕೇಳಬೇಕಾದದ್ದು ಇದು. ಕೇಳಿದರೆ ಸಂತೋಷವಾಗುವ ಕಥೆಯಲ್ಲ. ಬರೆಯುವಾಗ ನನಗೂ ಆಗುತ್ತಿಲ್ಲ.

ಏಳನೇ ತರಗತಿಗೆ ಶಾಲೆ ಬಿಟ್ಟು ಸುಳ್ಯದ ಕಡೆಯಿಂದ ಪುತ್ತೂರಿಗೆ ಬಂದ ನನ್ನನ್ನು ಕೆಲಸಕ್ಕೆ ಇಟ್ಟುಕೊಂಡವರು ಲಾಜರ ಮೇಸ್ತ್ರಿ. ಆ ಕಾಲದಲ್ಲಿ ಈ ಸುತ್ತಿನ ಕಚೇರಿ, ವಕೀಲರ ಮನೆ, ಟೈಪಿಂಗ್ ಕ್ಲಾಸುಗಳ ಟೈಪ್‌ರೈಟರುಗಳೆಲ್ಲ ಅವರ ಕೈಯಲ್ಲೇ ರಿಪೇರಿಯಾಗುತ್ತಿದ್ದವು. ಅವರದ್ದೊಂದು ವಿಚಿತ್ರ ಪದ್ಧತಿ. ಹೋದ ಕೂಡಲೇ ಮಿಷನ್ ಬಿಚ್ಚುತ್ತಿರಲಿಲ್ಲ. ಒಂದು ಸ್ಟೂಲು ಎಳೆದು ಕಾಲು ಗಂಟೆ ಸುಮ್ಮನೆ ಕುಳಿತು, ಟೈಪ್ ಮಾಡುವವರನ್ನು ನೋಡುತ್ತಿದ್ದರು.

ಒಮ್ಮೆ ಒಂದು ಸರಕಾರಿ ಕಚೇರಿಯ ಗುಮಾಸ್ತರು ಮಿಷನ್ ಗಟ್ಟಿಯಾಗಿದೆ, ಅಕ್ಷರ ಬೀಳುವುದಿಲ್ಲ ಎಂದು ಮೂರನೇ ಸಲ ಕರೆಸಿದರು. ಮೇಸ್ತ್ರಿ ಎಂದಿನಂತೆ ಕುಳಿತು ನೋಡಿದರು. ಆಮೇಲೆ ಹೊರಗೆ ಹೋಗಿ ಎರಡು ಹಲಗೆ ತುಂಡು ತಂದು ಗುಮಾಸ್ತರ ಕುರ್ಚಿಯ ಕಾಲುಗಳ ಅಡಿಗೆ ಮೊಳೆ ಹೊಡೆದು ಕೂರಿಸಿದರು. ಅಲ್ಲಿಗೆ ಕೆಲಸ ಮುಗಿಯಿತು. ದಾರಿಯಲ್ಲಿ ನಾನು ಕೇಳಿದೆ, "ಮಿಷನಿಗೆ ಎಂತ ಆಗಿತ್ತು ಮೇಸ್ತ್ರಿಗಳೇ?"

"ಮಿಷನಿಗೆ ಎಂತ ಆಗ್ಲಿಕ್ಕುಂಟು? ಕುರ್ಚಿ ಗಿಡ್ಡ. ಕೈ ಮೇಲೆ ಎತ್ತಿ ಎತ್ತಿ ಅವನ ಬೆರಳಲ್ಲಿ ಜೀವ ಇಲ್ಲ."

"ಮತ್ತೆ ರಿಪೇರಿ ಚಾರ್ಜು ತಗೊಂಡ್ರಿ?"

"ನೋಡಿದ್ದಕ್ಕೆ ತಗೊಂಡದ್ದು ಮಾರಾಯ. ಬಿಚ್ಚುದು ಯಾರಿಗೂ ಬರ್ತದೆ."

ನಾನು ಆ ದಿನ ಕಲಿತದ್ದು ಚಾರ್ಜು ತೆಗೆದುಕೊಳ್ಳುವುದನ್ನು. ನೋಡುವುದನ್ನು ಕಲಿತೆ ಎಂದು ಬಹಳ ಕಾಲ ಅಂದುಕೊಂಡಿದ್ದೆ.

ಮೇಸ್ತ್ರಿ ತೀರಿಕೊಂಡ ಮೇಲೆ ಅಂಗಡಿ ನನ್ನದಾಯಿತು. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದಾಗ ನನ್ನ ವಯಸ್ಸಿನ ಮೆಕ್ಯಾನಿಕರೆಲ್ಲ ಬೇರೆ ಕಸುಬು ಹುಡುಕಿಕೊಂಡರು. ನಾನು ಸತ್ತ ಕಂಪ್ಯೂಟರುಗಳನ್ನು ತೂಕಕ್ಕೆ ಕೊಂಡು ತಂದು ಬಿಚ್ಚಿ ಕಲಿತೆ. ಆಗಿನ ಮೌಸಿನ ಹೊಟ್ಟೆಯಲ್ಲಿ ಒಂದು ರಬ್ಬರಿನ ಗುಂಡು ಇರುತ್ತಿತ್ತು. ನಮ್ಮ ಊರಿನ ಮೌಸುಗಳ ರೋಗ ಒಂದೇ: ಸುಣ್ಣ. ಎಲೆಯಡಿಕೆ ಹಾಕುವ ಧಣಿಗಳು ಸುಣ್ಣದ ಬೆರಳಲ್ಲೇ ಮೌಸ್ ಹಿಡಿಯುತ್ತಿದ್ದರು. ಅದು ಒಳಗಿನ ಉರುಳೆಗೆ ಮೆತ್ತಿ ಗಟ್ಟಿಯಾಗಿ, ತೆರೆಯ ಮೇಲಿನ ಬಾಣ ನಡುವಿನಲ್ಲೇ ನಿಂತುಬಿಡುತ್ತಿತ್ತು. ಒಂದು ಸಲ ಪುತ್ತೂರಿನ ಹತ್ತಿರದ ಸವಣೂರಿನ ಅಂಗಡಿಯೊಂದರಲ್ಲಿ ತೊಳೆಯಲು ತೆಗೆದ ಗುಂಡು ಉರುಳಿ ಚರಂಡಿ ಸೇರಿತು. ನಾನು ಪಕ್ಕದ ಮನೆಯಿಂದ ಆಡುವ ಗೋಲಿಯೊಂದನ್ನು ತಂದು ಹಾಕಿ, "ಇದು ಹೊಸ ಮಾಡೆಲ್" ಎಂದು ಹೇಳಿ ಬಸ್ ಹತ್ತಿದೆ. ಗಾಜಿನ ಗೋಲಿ ಜಾರುತ್ತದೆಯೇ ಹೊರತು ಉರುಳೆಯನ್ನು ತಿರುಗಿಸುವುದಿಲ್ಲ. ಮರುದಿನ ಅಂಗಡಿಯವರು ಗೋಲಿಯನ್ನು ಕಾಗದದಲ್ಲಿ ಕಟ್ಟಿ ಕಳುಹಿಸಿದ್ದರು. ಒಳಗೆ ನನಗೊಂದು ಚೀಟಿ: "ಗೌಡ್ರೇ, ಆಟ ಮುಗೀತು. ಇನ್ನು ಕೆಲಸ ಮಾಡಿ." ಇಂಥ ತಪ್ಪುಗಳು ನನ್ನ ಬಳಿ ಬೇಕಾದಷ್ಟು ಉಂಟು. ಅವುಗಳಿಂದ ಯಾರಿಗೂ ನೋವಾಗಲಿಲ್ಲ, ಆದ್ದರಿಂದ ನೆನೆದು ನಗಬಹುದು.

ಜಯಂತಿ ಬೆಳ್ಳಾರೆಯ ಭಟ್ಟರ ಪ್ರೆಸ್ಸಿನಲ್ಲಿ ಅಕ್ಷರ ಜೋಡಿಸುವವಳು. ಹದಿನೆಂಟು ವರ್ಷದ ಅನುಭವ. ಗಂಡ ಪಂಜದ ಕಡೆ ರಬ್ಬರ್ ಟ್ಯಾಪಿಂಗಿಗೆ ಹೋಗುತ್ತಿದ್ದ. ಮಳೆ ಹಿಡಿದರೆ ಅವನ ಕೆಲಸ ಅರ್ಧ. ಹಾಗಾಗಿ ವರ್ಷವಿಡೀ ನಿಲ್ಲದೆ ಬರುವ ಸಂಬಳವೆಂದರೆ ಇವಳದ್ದೇ.

ಆ ಪ್ರೆಸ್ಸಿನ ಕೆಲಸ ಎಂಥದು ಎಂದು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮಲ್ಲಿ ಒಂದು ದೇವಸ್ಥಾನಕ್ಕೆ ಬ್ರಹ್ಮಕಲಶದ ಉತ್ಸವ ಎಂದರೆ, ಅದರ ಆಮಂತ್ರಣ ಪತ್ರಿಕೆಯಲ್ಲಿ ಐನೂರು, ಆರುನೂರು ಹೆಸರು ಇರುತ್ತದೆ. ಗೌರವಾಧ್ಯಕ್ಷರು, ಅಧ್ಯಕ್ಷರು, ಉಪಾಧ್ಯಕ್ಷರು, ಸಂಚಾಲಕರು, ಊಟದ ಸಮಿತಿ, ನೀರಿನ ಸಮಿತಿ, ಚಪ್ಪರದ ಸಮಿತಿ. ಹೆಸರು ಬಿಟ್ಟುಹೋದವರು ಊಟಕ್ಕೂ ಬರುವುದಿಲ್ಲ. ಹೆಸರು ಕೆಳಗೆ ಹೋದವರು ಬರುತ್ತಾರೆ, ಆದರೆ ಜಗಳಕ್ಕೆ. ಅಚ್ಚಿಗೆ ಹೋಗುವ ಕೊನೆಯ ಗಳಿಗೆಯವರೆಗೂ ಯಾರಾದರೊಬ್ಬರು ಪ್ರೆಸ್ಸಿನ ಬಾಗಿಲಲ್ಲಿ ನಿಂತು, "ಅವರನ್ನು ಒಂದು ನಾಲ್ಕು ಹೆಸರು ಮೇಲೆ ತನ್ನಿ" ಅನ್ನುತ್ತಿರುತ್ತಾರೆ. ಮೇಲೆ ತರುವುದು ಎಂದರೆ, ಹೆಸರನ್ನು ಮೌಸಿನಲ್ಲಿ ಒತ್ತಿ ಹಿಡಿದು, ಬಿಡದೆ ಎಳೆದು, ಮೇಲೆ ತಂದು ಇಡುವುದು. ಅದರ ಹಿಂದಿನದೆಲ್ಲ ಸರಿಯುತ್ತದೆ, ಅದನ್ನೂ ಎಳೆಯಬೇಕು. ಮಳೆ ನಿಂತದ್ದರಿಂದ ಮತ್ತೆ ಮಳೆ ಹಿಡಿಯುವವರೆಗೆ ಜಯಂತಿಯ ಕೆಲಸ ಇದೇ, ಊರಿನ ಮರ್ಯಾದೆಯನ್ನು ಎಳೆದೆಳೆದು ಸರಿಯಾದ ಜಾಗದಲ್ಲಿ ಇಡುವುದು.

ಒಂದು ದಿನ ಭಟ್ಟರು ಫೋನ್ ಮಾಡಿದರು. "ಗೌಡ್ರೆ, ಮೌಸ್ ಸರಿ ಇಲ್ಲ ಕಾಣ್ತದೆ. ಜಯಂತಿಯ ಕೆಲಸ ಓಡುದೇ ಇಲ್ಲ."

ಹೋಗಿ ನೋಡಿದೆ. ಮೌಸ್ ಹೊಸದು. ಜಯಂತಿಯ ಬಲ ಮಣಿಕಟ್ಟಿಗೆ ಬಟ್ಟೆ ಸುತ್ತಿತ್ತು, ಎಣ್ಣೆಯ ವಾಸನೆ ಬರುತ್ತಿತ್ತು. ಬಲಗೈಯ ಮೊಣಕೈಯನ್ನು ಎಡಗೈಯಿಂದ ಎತ್ತಿ ಹಿಡಿದು ಮೌಸ್ ಸರಿಸುತ್ತಿದ್ದಳು.

"ಡಾಕ್ಟ್ರಿಗೆ ತೋರಿಸಿದ್ಯಾ?"

"ತೋರಿಸಿದೆ ಮೋನಪ್ಪಣ್ಣ. ಮೂರು ತಿಂಗಳು ಕೈಗೆ ರೆಸ್ಟ್ ಕೊಡಿ ಅಂತ ಹೇಳಿದ್ರು. ಕೈಗೆ ರೆಸ್ಟ್ ಕೊಟ್ರೆ ಬಾಯಿಗೂ ರೆಸ್ಟ್ ಅಲ್ವಾ?"

ಅವಳು ನಕ್ಕಳು. ಭಟ್ಟರೂ ನಕ್ಕರು. ಭಟ್ಟರು ಕೆಟ್ಟವರಲ್ಲ. ಆದರೆ ಸೀಸನ್ ತಲೆಯ ಮೇಲಿತ್ತು. ನನ್ನನ್ನು ಹೊರಗೆ ಕರೆದು, "ಈ ಸಲ ಆಗುದಿಲ್ಲ ಅಂತಾದ್ರೆ ಬೇರೆ ಜನ ನೋಡ್ಬೇಕಾಗ್ತದೆ. ನೀವೇ ಎಂತಾದ್ರೂ ಮಾಡಿ ಮಾರಾಯ್ರೆ" ಎಂದರು.

ಆ ಮಾತು ನನಗೆ ತಾಗಿತು. ಅದೇ ವಾರ ಸವಣೂರಿನಲ್ಲಿ ಒಂದು ಮನೆಗೆ ಪ್ರಿಂಟರ್ ರಿಪೇರಿಗೆ ಹೋಗಿದ್ದೆ. ಜಗಲಿಯಲ್ಲಿ ನಾಲ್ಕೈದು ಹೆಂಗಸರು ಅಡಿಕೆ ಸುಲಿಯುತ್ತಿದ್ದರು. ಎದುರಿಗೆ ನಿಲ್ಲಿಸಿದ ಕತ್ತಿ. ಎರಡು ಅಂಗೈಗಳೂ ಒಂದಕ್ಕೊಂದು ಮುಖ ಮಾಡಿ, ಹೆಬ್ಬೆರಳು ಮೇಲೆ. ಬೆಳಗ್ಗಿನಿಂದ ಸಂಜೆಯವರೆಗೆ ಮಾತಾಡುತ್ತ ಸುಲಿಯುತ್ತಾರೆ, ಮಣಿಕಟ್ಟು ನೋವು ಎಂದವರನ್ನು ನಾನು ಕಂಡಿಲ್ಲ. ಬಸ್ಸಿನಲ್ಲಿ ಕುಳಿತು ಯೋಚಿಸಿದೆ: ಅಂಗೈಯನ್ನು ನೆಲಕ್ಕೆ ಕವುಚಿ ದಿನವಿಡೀ ಮಾಡುವ ಕೆಲಸ ನಮ್ಮಲ್ಲಿ ಯಾವುದುಂಟು? ಅಂಗಳಕ್ಕೆ ಸೆಗಣಿ ಸಾರಿಸುವುದು ಒಂದೇ. ಅದೂ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಮೌಸ್ ಹಿಡಿದವನ ಕೈ ಮಾತ್ರ ಎಂಟು ಗಂಟೆ ಕವುಚಿಯೇ ಇರುತ್ತದೆ. ನೀವೇ ಮಾಡಿ ನೋಡಿ. ಮುಂಗೈಯ ಎರಡು ಎಲುಬುಗಳು ಒಂದರ ಮೇಲೊಂದು ತಿರುಚಿಕೊಳ್ಳುವುದು ಗೊತ್ತಾಗುತ್ತದೆ.

ಅಂಗೈಯನ್ನು ಕವುಚದೆ ಹಾಗೆ ನಿಲ್ಲಿಸಿ ಹಿಡಿಯುವ ಮೌಸ್ ಪೇಟೆಯಲ್ಲಿ ಇರಲಿಲ್ಲವೆಂದಲ್ಲ. ಆನ್‌ಲೈನಿನಲ್ಲಿ ಒಂದನ್ನು ತರಿಸಿದೆ. ಅದನ್ನು ಯಾವನೋ ಆಜಾನುಬಾಹುವಿಗೆ ಮಾಡಿದ್ದರು. ಜಯಂತಿಯ ಬೆರಳು ಗುಂಡಿಯ ಬುಡಕ್ಕೂ ಮುಟ್ಟಲಿಲ್ಲ. "ಇದು ಹಿಡಿಯುದಾ, ತಬ್ಬುದಾ?" ಎಂದು ಕೇಳಿದಳು. ಹಿಂದಕ್ಕೆ ಕಳುಹಿಸಿದೆ. ಅವಳ ಕೈಗೆ ಅವಳ ಕೈಯಳತೆಯದ್ದನ್ನೇ ಮಾಡುವುದೆಂದು ಆ ದಿನ ತೀರ್ಮಾನಿಸಿದೆ.

ಮೊದಲ ಕೆಲಸ ಕೈಯ ಅಚ್ಚು. ಜೇನುಮೇಣವನ್ನು ಬಿಸಿ ಮಾಡಿ, ಆರುವ ಮೊದಲು ಅವಳ ಕೈಯಲ್ಲಿ ಹಿಡಿಸುವುದು. ಆದಿತ್ಯವಾರ ಬೆಳಿಗ್ಗೆ ಅಚ್ಚು ತೆಗೆದೆ. ಅದರ ಪ್ರಕಾರ ಮಾಡಿದ ಮಾದರಿ ಬೆಳಿಗ್ಗೆ ಸರಿಯಿತ್ತು, ಮಧ್ಯಾಹ್ನದ ಮೇಲೆ ಒತ್ತುತ್ತಿತ್ತು. ದುಡಿದ ಕೈ ಸಂಜೆಗೆ ಬಾತುಕೊಳ್ಳುತ್ತದೆ ಎಂದು ತಿಳಿಯಲು ನನಗೆ ಮೂರು ಮಾದರಿ ಬೇಕಾಯಿತು. ಇದನ್ನು ಬರೆದಿಟ್ಟುಕೊಳ್ಳಿ: ಅಳತೆ ತೆಗೆಯುವುದಾದರೆ ಕೆಲಸ ಬಿಡುವ ಹೊತ್ತಿಗೆ ತೆಗೆಯಿರಿ.

ಮರದ ಕೆಲಸಕ್ಕೆ ಸವಣೂರಿನ ಸೀತಾರಾಮ ಆಚಾರಿ. ಈ ಸುತ್ತಿನ ಕತ್ತಿಗಳಿಗೆಲ್ಲ ಹಿಡಿ ಹಾಕುವವನು ಅವನು. ಮೊದಲು ಹಲಸಿನ ಮರದಲ್ಲಿ ಕೆತ್ತಿಕೊಟ್ಟ. ಚಂದ ಇತ್ತು, ಆದರೆ ಭಾರ. ಸರಿಸಿ ಸರಿಸಿ ಭುಜ ನೋಯುತ್ತದೆ ಎಂದಳು ಜಯಂತಿ. ಆಗ ಆಚಾರಿಯೇ ಹಾಲೆ ಮರ ಹೇಳಿದ. ಮಳೆಗಾಲದ ಆಟಿ ಅಮಾವಾಸ್ಯೆಯ ದಿನ ನಾವೆಲ್ಲ ತೊಗಟೆಯ ಕಷಾಯ ಕುಡಿಯುವ ಮರ. ಅದರ ಕಟ್ಟಿಗೆ ಬೆಂಡಿನ ಹಾಗೆ ಹಗುರ.

"ವರ್ಷಕ್ಕೊಮ್ಮೆ ಕುಡಿದ್ರೆ ರೋಗ ಬರುದಿಲ್ಲಂತೆ. ದಿನಾ ಹಿಡ್ಕೊಂಡ್ರೆ ಎಂತ ಆಗ್ತದೋ" ಎಂದು ನಗುತ್ತ ಕೆತ್ತಿದ. ಕೊಡುವಾಗ ಒಂದು ಮಾತನ್ನು ಸೇರಿಸಿದ. "ಗೌಡ್ರೆ, ನಾನು ಕತ್ತಿಗೆ ಹಿಡಿ ಹಾಕಿಕೊಟ್ರೆ, ಒಂದು ತಿಂಗಳು ಬಿಟ್ಟು ಅವರ ಕೈ ನೋಡ್ತೇನೆ. ಎಲ್ಲಿ ದಡ್ಡು ಕಟ್ಟಿದೆ ಅಂತ. ಹಿಡಿಯ ತಪ್ಪನ್ನು ಕೈ ಹೇಳ್ತದೆ, ಬಾಯಿ ಹೇಳುದಿಲ್ಲ."

"ಇದಕ್ಕೆಲ್ಲ ದಡ್ಡು ಕಟ್ಟುದಿಲ್ಲ ಆಚಾರಿ, ಇದು ಎಲೆಕ್ಟ್ರಾನಿಕ್" ಎಂದೆ ನಾನು.

ಇನ್ನು ಗುಂಡಿಯ ವಿಷಯ. ನಿಲ್ಲಿಸಿದ ಮೌಸಿನಲ್ಲಿ ಗುಂಡಿ ಪಕ್ಕದಲ್ಲಿ ಬರುತ್ತದೆ. ತೋರುಬೆರಳಿನಿಂದ ಒತ್ತಿದರೆ ಇಡೀ ಮೌಸ್ ಪಕ್ಕಕ್ಕೆ ಸರಿದು, ಎಳೆದ ಹೆಸರು ಎಲ್ಲೋ ಹೋಗಿ ಬೀಳುತ್ತಿತ್ತು. ಬಹಳ ತಲೆ ಕೆಡಿಸಿಕೊಂಡು ಗುಂಡಿಯನ್ನು ನೆತ್ತಿಗೆ ತಂದೆ, ಹೆಬ್ಬೆರಳು ಮೇಲಿನಿಂದ ಕೆಳಕ್ಕೆ ಒತ್ತುವ ಹಾಗೆ. ಮೌಸ್ ಅಲುಗಾಡುವುದು ನಿಂತಿತು. ನನ್ನ ಜೀವನದಲ್ಲಿ ನನಗೇ ಹೊಳೆದ ಒಂದು ಉಪಾಯವಿದ್ದರೆ ಅದು ಇದೇ ಎಂದು ಹೆಮ್ಮೆಪಟ್ಟೆ.

ಗುಂಡಿಯ ಕೆಳಗೆ ಕೂರುವ ಸ್ವಿಚ್ಚಿಗಾಗಿ ಮಂಗಳೂರಿಗೆ ಹೋದೆ. ಅಂಗಡಿಯವನು ಎರಡು ಜಾತಿ ತೋರಿಸಿದ.

"ಇದು ಮೆತ್ತಗೆ. ಇದು ಗಟ್ಟಿ. ನಿಮಗೆ ಎಷ್ಟು ಬೇಕು?"

"ಹದಿನೈದು."

"ಹದಿನೈದಕ್ಕೆಲ್ಲ ಹೋಲ್‌ಸೇಲ್ ರೇಟ್ ಇಲ್ಲ ಮಾರಾಯ್ರೆ. ನೂರು ತಗೊಳ್ಳಿ."

ನಾನು ಎದ್ದು ಹೊರಟೆ. ಅವನು ಕರೆದ. ಮತ್ತೆ ಕುಳಿತೆ, ಮತ್ತೆ ಎದ್ದೆ. ಮೂರನೇ ಸಲ ಮೆಟ್ಟಿಲು ಇಳಿದಾಗ ಅವನು ಸೋತ. "ಮೆತ್ತಗಿನದ್ದರಲ್ಲಿ ಒಂದು ಪೈಸೆ ಬಿಡ್ಲಿಕ್ಕೆ ಆಗುದಿಲ್ಲ. ಈ ಗಟ್ಟಿಯದ್ದು ನಿಂತುಹೋದ ಮಾಲು, ಅರ್ಧಕ್ಕೆ ತಗೊಂಡು ಹೋಗಿ. ಇದು ಹಾಳಾಗುದೂ ಇಲ್ಲ."

ಹಾಳಾಗುವುದಿಲ್ಲ ಎಂಬ ಮಾತು ರಿಪೇರಿಯವನಿಗೆ ಮಂತ್ರದ ಹಾಗೆ. ಅರ್ಧಕ್ಕೆ ಕೊಂಡೆ. ಬಸ್ಸಿನಲ್ಲಿ ಪುತ್ತೂರು ಮುಟ್ಟುವವರೆಗೂ ಒಂದನ್ನು ಹೆಬ್ಬೆರಳಲ್ಲಿ ಒತ್ತುತ್ತ ಕುಳಿತೆ. ಟಿಕ್, ಟಿಕ್. ಕಂಡಕ್ಟರ್ ಬಂದು, "ಎಂತ ಮಾರಾಯ್ರೆ, ಬಸ್ಸಿಗೆ ಗಡಿಯಾರ ಕಟ್ಟಿದ್ದಾ?" ಎಂದು ಕೇಳಿದ. ನನ್ನ ಬೆರಳಿಗೆ ಏನೂ ಆಗಲಿಲ್ಲ. ಅದೇ ನಾನು ಮಾಡಿದ ಪರೀಕ್ಷೆ. ಅರ್ಧ ಆಯುಷ್ಯ ಟೈಪ್‌ರೈಟರಿನ ಕೀಲಿ ಒತ್ತಿ ಕೊರಡಾದ ಬೆರಳು ನನ್ನದು ಎಂಬುದು ಆಗ ನೆನಪಾಗಲಿಲ್ಲ.

ಇಷ್ಟರಲ್ಲಿ ಎರಡು ಸೀಸನ್ ದಾಟಿತ್ತು, ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡೇ ಅವಳು ಹೇಗೋ ಕೆಲಸ ಉಳಿಸಿಕೊಂಡಿದ್ದಳು. ಹದಿನಾಲ್ಕನೆಯ ಮಾದರಿಯನ್ನು ಜಯಂತಿಯ ಮೇಜಿನ ಮೇಲಿಟ್ಟೆ. ಅವಳು ಹಿಡಿದು ನೋಡಿ, "ಇಡೀ ದಿನ ಯಾರದ್ದೋ ಕೈ ಹಿಡ್ಕೊಂಡು ಕೂತ ಹಾಗೆ ಆಗ್ತದೆ ಮೋನಪ್ಪಣ್ಣ. ನಮ್ಮ ಮನೆಯವರಿಗೆ ಹೇಳ್ಬೇಡಿ" ಎಂದಳು. ಎರಡು ವಾರದಲ್ಲಿ ಮಣಿಕಟ್ಟಿನ ಬಟ್ಟೆ ಬಿಚ್ಚಿದಳು. ಭಟ್ಟರು ಬಂದವರಿಗೆಲ್ಲ ತೋರಿಸಿದರು. ಅವಳು ಹಣ ಕೊಡಲು ಬಂದಾಗ ನಾನು ತೆಗೆದುಕೊಳ್ಳಲಿಲ್ಲ. ಜೀವಮಾನವಿಡೀ ಒಂದು ಪೈಸೆ ಬಿಡದವನು ಆ ದಿನ ದೊಡ್ಡ ಮನುಷ್ಯನಾಗಲು ಹೊರಟೆ.

ಸುದ್ದಿ ಹರಡಿತು. ಸುಳ್ಯದಿಂದ, ಕಡಬದಿಂದ, ಪುತ್ತೂರಿನ ಕಚೇರಿಗಳಿಂದ ಕೇಳಿಕೊಂಡು ಬಂದರು. ಉಳಿದ ಸ್ವಿಚ್ಚು ಹಾಕಿ ಒಂಬತ್ತು ಮಾಡಿ ಮಾರಿದೆ. ಬೆಳ್ಳಾರೆಯ ದಾರಿಯಲ್ಲಿ ಹೋದಾಗಲೆಲ್ಲ ಪ್ರೆಸ್ಸಿನ ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ.

"ಹೇಗುಂಟು ಜಯಂತಿ?"

"ಒಳ್ಳೇದುಂಟು ಮೋನಪ್ಪಣ್ಣ."

ಅಷ್ಟು ಕೇಳಿ ಬಸ್ ಹತ್ತುತ್ತಿದ್ದೆ. ಎಲ್ಲಿಯ ಕಾಲು ಗಂಟೆ, ಎಲ್ಲಿಯ ಸ್ಟೂಲು! ಒಳಗೆ ಹೋಗಿ ಕುಳಿತಿದ್ದರೆ ಕಾಣುತ್ತಿತ್ತು.

ಮರುವರ್ಷ ಬೇಸಗೆಯಲ್ಲಿ ಒಂದು ಮಧ್ಯಾಹ್ನ ಜಯಂತಿ ನನ್ನ ಅಂಗಡಿಗೆ ಬಂದಳು. ಸಣ್ಣದೊಂದು ಮನೆ ಕಟ್ಟಿದ್ದರು, ಗೃಹಪ್ರವೇಶದ ಒಕ್ಕಲಿಗೆ ಕರೆಯಲು ಬಂದದ್ದು. ಬಲಗೈ ಸೆರಗಿನ ಒಳಗಿತ್ತು. ಆಮಂತ್ರಣದ ಕಾಗದವನ್ನು ಎಡಗೈಯಲ್ಲಿ ನೀಡಿದಳು.

ನಮ್ಮಲ್ಲಿ ಶುಭಕಾರ್ಯದ ಕಾಗದವನ್ನು ಎಡಗೈಯಲ್ಲಿ ಯಾರೂ ಕೊಡುವುದಿಲ್ಲ. ಸಾವಿರ ಆಮಂತ್ರಣ ಜೋಡಿಸಿದ ಜಯಂತಿಗೆ ಅದು ಗೊತ್ತಿಲ್ಲದ್ದಲ್ಲ. ನಾನು ತಮಾಷೆಗೆ, "ಎಂತ, ಬಲಗೈಯನ್ನು ಹೊಸ ಮನೆಯಲ್ಲೇ ಇಟ್ಟು ಬಂದದ್ದಾ?" ಎಂದುಬಿಟ್ಟೆ. ಆ ಮಾತನ್ನು ವಾಪಸು ತೆಗೆದುಕೊಳ್ಳಲು ಆಗುವುದಾದರೆ ನಾನು ಏನು ಬೇಕಾದರೂ ಕೊಡುತ್ತೇನೆ, ಚೌಕಾಶಿ ಮಾಡದೆ.

"ಬೇಜಾರು ಮಾಡ್ಬೇಡಿ" ಎಂದಳು. ಕಾಗದ ಬಿಡಿಸಿದೆ. ಹೆಸರುಗಳ ಸಾಲು ಸೊಟ್ಟಗಿತ್ತು. ಅತ್ತೆಯ ಹೆಸರು ಮೂಲೆಗೆ ಹೋಗಿತ್ತು. ಅದು ಅವಳ ಕೈಕೆಲಸವಲ್ಲ ಎಂದು ಹೇಳಲು ಪ್ರೆಸ್ಸಿನವನೇ ಆಗಬೇಕೆಂದಿಲ್ಲ.

"ಇದನ್ನು ಯಾರು ಮಾಡಿದ್ದು?"

"ಭಟ್ರೇ ಮಾಡಿಕೊಟ್ಟದ್ದು. ನನಗೆ ಆಗ್ಲಿಲ್ಲ."

ಬಲಗೈಯನ್ನು ತೋರಿಸು ಎಂದೆ. ತೋರಿಸಲಿಲ್ಲ. ಮತ್ತೆ ಕೇಳಿದೆ. ಸೆರಗಿನಿಂದ ಹೊರಗೆ ತೆಗೆದಳು. ಹೆಬ್ಬೆರಳು ಅಂಗೈಯ ಒಳಕ್ಕೆ ಮಡಚಿ ಹಾಗೇ ನಿಂತಿತ್ತು. ಬುಡದಲ್ಲಿ ಅಡಿಕೆಯಷ್ಟು ದಪ್ಪ ಗಂಟು. ಎಡಗೈಯಿಂದ ಹಿಡಿದು ನೇರ ಮಾಡಲು ಹೋದಳು, ಮುಖ ಬಿಳಿಚಿಕೊಂಡಿತು.

"ಯಾವಾಗದಿಂದ?"

"ಮಾರ್ನೆಮಿ ಹಬ್ಬಕ್ಕೆ ಮೊದಲೇ ಸುರು ಆದದ್ದು."

"ಏಳೆಂಟು ತಿಂಗಳು ಆಯ್ತಲ್ಲ! ಬಂದಾಗೆಲ್ಲ ಕೇಳಿದ್ದೇನೆ. ಒಂದು ಮಾತು ಹೇಳ್ಬಾರದಾ?"

"ಹೇಗೆ ಹೇಳುದು ಮೋನಪ್ಪಣ್ಣ? ನೀವು ಎರಡು ವರ್ಷ ಕಷ್ಟಪಟ್ಟು, ಒಂದು ಪೈಸೆ ತಗೊಳ್ಳದೆ ಮಾಡಿಕೊಟ್ಟದ್ದು. ಅಷ್ಟು ಖುಷಿಯಲ್ಲಿ ಕೇಳ್ತಿದ್ರಿ. ಸರಿ ಇಲ್ಲ ಅಂತ ಹೇಳ್ಲಿಕ್ಕೆ ನಾಲಿಗೆ ಬರ್ಬೇಕಲ್ಲ."

ಅವಳು ಹೋದ ಮೇಲೆ ಹಳೆಯ ಮೌಸೊಂದರಿಂದ ಮೆತ್ತಗಿನ ಸ್ವಿಚ್ಚು ಕಿತ್ತು, ಎರಡು ಜಾತಿಯನ್ನೂ ಮೇಜಿನ ಮೇಲೆ ಇಟ್ಟು, ಒಂದೊಂದರ ಮೇಲೂ ಸಣ್ಣ ಡಬ್ಬಿ ಕೂರಿಸಿ, ಐದು ರೂಪಾಯಿಯ ನಾಣ್ಯ ಹಾಕುತ್ತ ಹೋದೆ. ಮೆತ್ತಗಿನದು ಹತ್ತು ನಾಣ್ಯಕ್ಕೆ ಟಿಕ್ ಎಂದಿತು. ನಾನು ಅರ್ಧಕ್ಕೆ ತಂದದ್ದು ಮೂವತ್ತಕ್ಕೆ. ಆ ಮೂವತ್ತು ನಾಣ್ಯದ ಭಾರವನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಬಿಡದೆ, ಆರುನೂರು ಹೆಸರನ್ನು ಅವಳು ಮೇಲೆ ಕೆಳಗೆ ಎಳೆದಿದ್ದಳು. ಇಡೀ ಒಂದು ಸೀಸನ್. ನಾಣ್ಯ ಹಾಕಿ ನೋಡುವ ಈ ಪರೀಕ್ಷೆಗೆ ಹತ್ತು ನಿಮಿಷ ಹಿಡಿಯಿತು. ಅದನ್ನು ಮೊದಲು ಮಾಡಲಿಕ್ಕೆ ಏನು ಅಡ್ಡಿಯಿತ್ತು ಎಂದು ಈಗಲೂ ನನ್ನನ್ನು ಕೇಳಿಕೊಳ್ಳುತ್ತೇನೆ. ಅಡ್ಡಿ ಏನೂ ಇರಲಿಲ್ಲ.

ಪುತ್ತೂರಿನಲ್ಲಿ ಡಾಕ್ಟರಿಗೆ ತೋರಿಸಿದೆವು. ಬಂದದ್ದು ತಡವಾಯಿತು ಎಂದರು. ಇಂಜೆಕ್ಷನ್ ಆಯಿತು, ಆಮೇಲೆ ಸಣ್ಣ ಆಪರೇಷನ್ ಆಯಿತು. ಬೆರಳು ಅರ್ಧ ನೇರವಾಯಿತು. ಬಲ ಮಾತ್ರ ಬರಲಿಲ್ಲ. ಒಂದು ಕಾಗದವನ್ನು ಎರಡು ಬೆರಳ ನಡುವೆ ಹಿಡಿದರೆ ಫ್ಯಾನಿನ ಗಾಳಿಗೆ ಹಾರಿಹೋಗುತ್ತದೆ.

ಭಟ್ಟರು ಅವಳಿಗೆ ಕಾಗದ ಮಡಚುವ ಕೆಲಸ ಕೊಟ್ಟರು. ಮಡಚಲಿಕ್ಕೂ ಹೆಬ್ಬೆರಳು ಬೇಕು. ಬಿಟ್ಟಳು. ಬೇರೆ ಏನು ಮಾಡಬಹುದು ಎಂದು ನಾನು ಲೆಕ್ಕ ಹಾಕಿದೆ. ನಮ್ಮ ಕಡೆ ಹೆಂಗಸೊಬ್ಬಳು ಮನೆಯಲ್ಲೇ ಕುಳಿತು ಸಂಪಾದಿಸುವ ದಾರಿಗಳು ಮೂರು. ಬೀಡಿ ಕಟ್ಟುವುದು, ಅಡಿಕೆ ಸುಲಿಯುವುದು, ಹೂ ಕಟ್ಟುವುದು. ಮೂರೂ ಹೆಬ್ಬೆರಳಿನ ಕೆಲಸ. ಮಣಿಕಟ್ಟು ನೋವಿದ್ದಾಗ ಅವಳಿಗೆ ಒಂದು ಕೆಲಸ ಹೋಗುವ ಹೆದರಿಕೆ ಇತ್ತು. ನಾನು ಉಪಕಾರ ಮಾಡಿದ ಮೇಲೆ ನಾಲ್ಕೂ ಹೋದವು.

ಹಣ ಹಿಡಿದುಕೊಂಡು ಅವಳ ಹೊಸ ಮನೆಗೆ ಹೋದೆ. ಗಂಡ ಅಂಗಳಕ್ಕೆ ಇಳಿದ. ಅವಳು ಲಕೋಟೆಯನ್ನು ಮುಟ್ಟಲಿಲ್ಲ. "ಆಗ ನೀವು ತಗೊಳ್ಳಲಿಲ್ಲ. ಈಗ ನಾನು ಹೇಗೆ ತಗೊಳ್ಳುದು?" ಎಂದಳು. ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನಾನು ಸ್ವಲ್ಪ ಚೌಕಾಶಿ ಮಾಡಬಹುದಿತ್ತು.

ಸೀತಾರಾಮ ಆಚಾರಿಗೆ ವಿಷಯ ಹೇಳಿದೆ. ಅವನು ಕೆತ್ತುತ್ತಿದ್ದ ಹಿಡಿಯಿಂದ ಕಣ್ಣೆತ್ತಲಿಲ್ಲ. "ನಾನು ಹೇಳಿದ್ದೆ" ಎಂದೂ ಹೇಳಲಿಲ್ಲ. "ನನ್ನ ಕೈಯಲ್ಲಿ ಅಂಥದ್ದು ಇನ್ನು ಮಾಡಿಸ್ಬೇಡಿ ಗೌಡ್ರೆ" ಎಂದ. ಈಗ ದಾರಿಯಲ್ಲಿ ಸಿಕ್ಕಿದರೆ ತಲೆಯಾಡಿಸುತ್ತಾನೆ, ಅಷ್ಟೆ.

ಮಾರಿದ ಒಂಬತ್ತನ್ನು ವಾಪಸು ತರಲು ಹೊರಟೆ. ಕಡಬದ ಒಂದು ಕಚೇರಿಯ ಗುಮಾಸ್ತ, "ಎಂತಕ್ಕೆ? ಇದು ಒಳ್ಳೇದುಂಟಲ್ಲ ಮಾರಾಯ್ರೆ" ಎಂದ. ಆ ದಿನ ನಾನು ಸ್ಟೂಲು ಎಳೆದು ಕುಳಿತೆ. ಕಾಲು ಗಂಟೆಯಲ್ಲಿ ಅವನು ಮೂರು ಸಲ ಹೆಬ್ಬೆರಳನ್ನು ಕೊಡವಿದ, ಬಿಸಿ ಪಾತ್ರೆ ಮುಟ್ಟಿದವನ ಹಾಗೆ. ಅವನಿಗೇ ಅದು ಗೊತ್ತಿರಲಿಲ್ಲ. ತೋರಿಸಿಕೊಟ್ಟ ಮೇಲೆ ತೆಗೆದುಕೊಟ್ಟ, ಜೊತೆಗೆ ಸರಿಯಾಗಿ ನಾಲ್ಕು ಮಾತು ಬೈದು ಹಣ ವಾಪಸು ಕೇಳಿದ. ಆ ಬೈಗುಳ ಕೇಳಿ ನನಗೆ ಅಳು ಬಂತು. ಜಯಂತಿ ಹೀಗೆ ಒಮ್ಮೆ ಬೈದಿದ್ದರೆ! ಹಣ ಕೊಟ್ಟು ಕೊಂಡವನಿಗೆ ಬೈಯುವ ಹಕ್ಕು ಇತ್ತು. ಆ ಹಕ್ಕನ್ನು ಅವಳಿಂದ ಕಿತ್ತುಕೊಂಡವನು ನಾನು.

ಏಳು ವಾಪಸು ಬಂದವು. ಎರಡು ಸಿಗಲಿಲ್ಲ, ಕೊಂಡವರು ಕೆಲಸ ಬಿಟ್ಟು ಹೋಗಿದ್ದರು, ಮೌಸ್ ಯಾರ ಕೈ ಸೇರಿತೋ ತಿಳಿಯಲಿಲ್ಲ. ಅವು ಈಗಲೂ ಎಲ್ಲೋ ಟಿಕ್ ಎನ್ನುತ್ತಿರಬಹುದು. ಹಾಳಾಗುವ ಸ್ವಿಚ್ಚಲ್ಲ.

ಹದಿನೈದನೆಯದನ್ನು ನಾನೇ ಕೆತ್ತಿದೆ. ಮೆತ್ತಗಿನ ಸ್ವಿಚ್ಚು, ಕೇಳಿದ ಬೆಲೆ ಕೊಟ್ಟು ತಂದೆ. ಎಳೆಯಲು ಒತ್ತಿ ಹಿಡಿಯುವ ಕೆಲಸವನ್ನು ಹೆಬ್ಬೆರಳಿನಿಂದ ತೆಗೆದು ಕಾಲಿನ ಹತ್ತಿರ ಒಂದು ಪೆಡಲಿಗೆ ಕೊಟ್ಟೆ, ಹೊಲಿಗೆ ಮಿಷನಿನ ಹಾಗೆ. ಜಯಂತಿಯ ಹತ್ತಿರ ತೆಗೆದುಕೊಂಡು ಹೋದೆ. ಅವಳು ಕೈ ಇಟ್ಟಳು. ಸರಿಯಾಗಿ ಕೂತಿತು. ಬಹಳ ಹೊತ್ತು ಹಾಗೇ ಇಟ್ಟುಕೊಂಡಿದ್ದಳು. ಆಮೇಲೆ, "ಇದು ನಿಜವಾಗಿ ಒಳ್ಳೇದುಂಟು ಮೋನಪ್ಪಣ್ಣ. ಆದ್ರೆ ಭಟ್ರ ಪ್ರೆಸ್ಸಲ್ಲಿ ಈಗ ಬೇರೆಯವರು ಇದ್ದಾರೆ. ಕಾಗದವೂ ಹೆಚ್ಚು ಇಲ್ಲ, ಎಲ್ಲ ಮೊಬೈಲಿಗೇ ಹೋಗ್ತದೆ" ಎಂದಳು. ನನ್ನ ಎಲ್ಲ ಕೆಲಸಗಳಲ್ಲಿ ಅದೇ ಉತ್ತಮವಾದದ್ದು. ಕಪಾಟಿನಲ್ಲಿ ಉಂಟು. ಉಪಯೋಗಿಸುವವರು ಇಲ್ಲ.

ಈ ಕೆಲಸಕ್ಕೆ ಇಳಿಯುವವರೇ, ನೀವು ಕೇಳಿದ ಹೋಲ್‌ಸೇಲಿನವರ ವಿಳಾಸ ಕೊಡುತ್ತೇನೆ, ಬನ್ನಿ. ಪೆಟ್ಟಿಗೆಯಲ್ಲಿ, ವಯರಿನಲ್ಲಿ, ಸ್ಕ್ರೂವಿನಲ್ಲಿ ಎಷ್ಟು ಬೇಕಾದರೂ ಚೌಕಾಶಿ ಮಾಡಿ. ಮೂರು ಸಲ ಮೆಟ್ಟಿಲು ಇಳಿಯದೆ ಏನನ್ನೂ ಕೊಳ್ಳಬೇಡಿ. ಆದರೆ ಇನ್ನೊಬ್ಬರ ಚರ್ಮಕ್ಕೆ ತಾಗುವ ಸಾಮಾನಿನಲ್ಲಿ ಕೇಳಿದಷ್ಟು ಕೊಟ್ಟು ತನ್ನಿ. ಕೊಂಡದ್ದನ್ನು ನಿಮ್ಮ ಕೈಯಿಂದ ಪರೀಕ್ಷೆ ಮಾಡಬೇಡಿ, ನಿಮ್ಮ ಕೈ ಸುಳ್ಳು ಹೇಳುತ್ತದೆ. ಯಾರಿಗೂ ಪುಕ್ಕಟೆ ಮಾಡಿಕೊಡಬೇಡಿ. ಹತ್ತು ರೂಪಾಯಿಯಾದರೂ ತೆಗೆದುಕೊಳ್ಳಿ, ಅವರು ನಿಮಗೆ ಬೈಯುವ ಹಾಗೆ ಇರಲಿ. ಮತ್ತೆ, ನೀವು ಕೇಳಿದಾಗ ಅವರು "ಒಳ್ಳೇದುಂಟು" ಎಂದರೆ ಎದ್ದು ಬರಬೇಡಿ. ಒಂದು ಸ್ಟೂಲು ಎಳೆದು ಇನ್ನೂ ಕಾಲು ಗಂಟೆ ಕುಳಿತುಕೊಳ್ಳಿ. ಕುಡಿಯಲು ನೀರು ಕೇಳಿ. ಲೋಟವನ್ನು ಯಾವ ಕೈಯಲ್ಲಿ ಕೊಡುತ್ತಾರೆ ನೋಡಿ.